ಒಲೆಯ ಮೂರು ಕಲ್ಲು

ಹೊಸದುರ್ಗದ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಕುರಿಮಂದೆ ನಿಲ್ಲಿಸುತ್ತಿದ್ದ ಕುರಿಗಾಹಿ ಅವರು. ಬೀಡು ಎತ್ತುವಾಗ ಒಲೆಯ ಮೂರು ಕಲ್ಲನ್ನೂ ತಂದ ಜಾಗದಲ್ಲೇ ಇಟ್ಟು, ಕಂಬಳಿ ಹೆಗಲಿಗೇರಿಸಿ, "ಇದ್ದಂಗೆ ಬಿಟ್ಟು ಹೋಗಾಣ" ಅನ್ನುತ್ತಿದ್ದರು. ನನಗೆ ಘಟ್ಟದ ಕಾಡಿನ ಹೊಳೆದಂಡೆಯಲ್ಲಿ ಟೆಂಟು ಹಾಕುವ ಹುಚ್ಚು ಹತ್ತಿದಾಗ, ಬಯಲಲ್ಲಿ ಮಲಗಿ ರೂಢಿಯಿದ್ದವರೆಂದು ಅವರನ್ನೇ ಜೊತೆಗೆ ಕರೆದೊಯ್ದೆ.

ಅಲ್ಲಿ ಬೆಂಕಿ ಹಚ್ಚಬಾರದೆಂದು ಬೋರ್ಡಿತ್ತು. "ಬ್ಯಾಡ್ರಿ ಮೇಷ್ಟ್ರೇ, ಬುತ್ತಿ ಐತಲ್ಲ" ಅಂದರು. ನನಗೆ ಟೀ ಬೇಕಿತ್ತು. ಹೊಳೆಯ ಕಲ್ಲು ಕಿತ್ತು ತಂದು ನಾನೇ ಒಲೆ ಹೂಡಿ ಬೆಂಕಿ ಹಚ್ಚಿದೆ. ನೀರು ಕುದಿಯುವಷ್ಟರಲ್ಲಿ ಫಾರೆಸ್ಟ್ ಗಾರ್ಡ್ ಬಂದು, "ಯಾರ್ರೀ ಹಚ್ಚಿದ್ದು?" ಎಂದು ಗದರಿದ.

ನಾನು ಅವರತ್ತ ನೋಡಿದೆ. "ಹಳ್ಳಿಯೋರು ಸಾರ್, ಪಾಪ, ಗೊತ್ತಾಗಲಿಲ್ಲ" ಅಂದೆ.

ಅವರು ನನ್ನ ಮುಖ ನೋಡಲಿಲ್ಲ. "ತಪ್ಪಾತು ಸಾಮಿ" ಎಂದು ಗಾರ್ಡಿಗೆ ಕೈಮುಗಿದರು. ಬೆಂಕಿ ಆರಿಸಿ, ಕಲ್ಲಿನ ಮಸಿಯನ್ನು ಮರಳಲ್ಲಿ ಉಜ್ಜಿ ತೊಳೆದು, ಒಂದೊಂದನ್ನೇ ನಾನು ಕಿತ್ತಿದ್ದ ಗುಳಿಯಲ್ಲೇ ಕೂರಿಸಿದರು. ಆಮೇಲೆ ಎಂದಿನ ದನಿಯಲ್ಲೇ, "ಬರ್ರಿ ಮೇಷ್ಟ್ರೇ ಹೋಗಾಣ, ಎಲ್ಲಾ ಇದ್ದಂಗೆ ಐತೆ" ಅಂದರು.

ಮಸಿ ಮೆತ್ತಿದ ಕೈಗಳನ್ನು ಪ್ಯಾಂಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಾನಿನ್ನೂ ಅಲ್ಲೇ ನಿಂತಿದ್ದೆ.