ಮುಚ್ಚಳದ ಮೇಲಿನ ಕೆಂಪು ಗೆರೆ

ಕಳೆದ ವರ್ಷ ಬೇಸಿಗೆಯಲ್ಲಿ ನಾನು ನಮ್ಮ ಮನೆಯ ಎಸಿಯ ಪತ್ತೇದಾರಿಕೆ ನಡೆಸಿದೆ. ಗ್ಯಾಸ್ ತುಂಬಿಸಿ ಮೆಕ್ಯಾನಿಕ್ ಲಿಫ್ಟ್ ಹತ್ತಿದ್ದೇ ತಡ, ಕೆಂಪು ನೈಲ್ ಪಾಲಿಶ್ ಹಿಡಿದು ಬಾಲ್ಕನಿಗೆ ಹೋದೆ. ಅಲ್ಲಿರುವ ಔಟ್‌ಡೋರ್ ಪೆಟ್ಟಿಗೆಯ ಪಕ್ಕದಲ್ಲಿ, ಗ್ಯಾಸ್ ತುಂಬುವ ಬಾಯಿಗೆ ಎರಡು ಹಿತ್ತಾಳೆಯ ಮುಚ್ಚಳಗಳಿವೆ. ಮುಚ್ಚಳವೂ ಪೈಪೂ ಸೇರುವಲ್ಲಿ ಅಡ್ಡಲಾಗಿ ಒಂದೊಂದು ಗೆರೆ ಎಳೆದೆ. ಇನ್ನು ಯಾರು ಮುಚ್ಚಳ ತಿರುಗಿಸಿದರೂ ಗೆರೆ ಒಡೆಯಲೇಬೇಕು. ಒಡೆದರೆ ಕಳ್ಳ ಸಿಕ್ಕಿದ ಹಾಗೆ.

ನನ್ನದು ಸ್ವಲ್ಪ ಅನುಮಾನದ ಬುದ್ಧಿ ಎಂದು ಗಂಡ ಹೇಳುವುದುಂಟು. ಸ್ವಲ್ಪ ಎನ್ನುವುದು ಅವರ ಸೌಜನ್ಯ. ಡೊಂಬಿವಲಿ ಸ್ಟೇಷನ್ ಹೊರಗೆ ತರಕಾರಿ ಕೊಳ್ಳುವಾಗ ನಾನು ತರಕಾರಿಗಿಂತ ಹೆಚ್ಚಾಗಿ ತಕ್ಕಡಿ ನೋಡುತ್ತೇನೆ. ಹಾಲಿಗೆ ನೀರು ಹಾಕಿದ್ದಾರೆಯೇ ಎಂದು ಬೆರಳಿನಲ್ಲಿ ಅದ್ದಿ ನೋಡುತ್ತೇನೆ. ಈ ಊರಿಗೆ ಮದುವೆಯಾಗಿ ಉಡುಪಿಯಿಂದ ಬಂದ ಮೊದಲ ವಾರವೇ ರಿಕ್ಷಾದವನೊಬ್ಬ ನನ್ನನ್ನು ಊರೆಲ್ಲ ಸುತ್ತಿಸಿ ಹತ್ತಿದ ಜಾಗದ ಎದುರು ರಸ್ತೆಯಲ್ಲೇ ಇಳಿಸಿದ್ದ. ಅಂದಿನಿಂದ ನನಗೆ ಯಾರೂ ಟೋಪಿ ಹಾಕಬಾರದೆಂಬ ಹಟ.

ಎಸಿ ಹಾಕಿಸಿದ್ದು ಮಗಳ ಕೋಣೆಗೆ. ಮೊದಲ ಬೇಸಿಗೆ ತಣ್ಣಗಿತ್ತು. ಎರಡನೆಯ ಬೇಸಿಗೆಗೆ ಬರೀ ಫ್ಯಾನಿನ ಗಾಳಿ ಬರತೊಡಗಿತು. ಮೆಕ್ಯಾನಿಕ್ ಬಂದು ಗ್ಯಾಸ್ ಇಲ್ಲ ಎಂದ, ತುಂಬಿಸಿದ. ಮರುವರ್ಷ, ಅಂದರೆ ಕಳೆದ ಬೇಸಿಗೆಗೆ, ಮತ್ತೆ ಅದೇ ಕತೆ. ನನ್ನ ತವರಿನ ಫ್ರಿಜ್ ಹದಿನೆಂಟು ವರ್ಷ ಒಂದೇ ಗ್ಯಾಸಿನಲ್ಲಿ ನಡೆದಿತ್ತು. ಇವನದು ವರ್ಷಕ್ಕೊಮ್ಮೆ ಖಾಲಿಯಾಗುತ್ತದೆಂದರೆ? ದೀಪಾವಳಿಗೆ ಮುಂಚೆ ತೊಳೆಯಲು ಬರುವವನೂ ಇವನೇ. ಆಗ ಮೆಲ್ಲಗೆ ಗ್ಯಾಸ್ ಹೊರಕ್ಕೆ ಬಿಟ್ಟು ಹೋಗುತ್ತಾನೆ, ಬೇಸಿಗೆಯಲ್ಲಿ ಬಂದು ತುಂಬುತ್ತಾನೆ ಎಂದು ನಾನು ತೀರ್ಮಾನಿಸಿದೆ.

ಅವನು ವಿಜಯಪುರದ ಕಡೆಯವನು, ಕಲ್ಯಾಣದಲ್ಲಿ ಮನೆ. ನಾವು ಕನ್ನಡದವರೆಂದು ತಿಳಿದ ದಿನ ಮುಖ ಅರಳಿಸಿಕೊಂಡು ಅಕ್ಕಾರ ಎಂದು ಕರೆಯಲು ಶುರುಮಾಡಿದ್ದ. ಅದೂ ನನಗೆ ಸರಿ ಬರಲಿಲ್ಲ. ನಮ್ಮ ಭಾಷೆ ಎಂದು ಸಲಿಗೆ ಬೆಳೆಸುವವರ ಮೇಲೆ ಎರಡು ಕಣ್ಣು ಹೆಚ್ಚಿಡಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಆದ್ದರಿಂದ ಆ ಬೇಸಿಗೆ ನೇರವಾಗಿಯೇ ಕೇಳಿದೆ, ನಮ್ಮ ಮನೆಯ ಗ್ಯಾಸ್ ಮಾತ್ರ ಯಾಕೆ ಓಡಿಹೋಗುತ್ತದೆ ಎಂದು.

ಅವನು ಸ್ಪ್ಯಾನರ್ ಒರೆಸುತ್ತಾ ಹೇಳಿದ: "ಇಲ್ಲಿ ಹವಾನ ಖರಾಬ್ ಐತ್ರಿ ಅಕ್ಕಾರ. ಫ್ಯಾಕ್ಟರಿ ಕಡಿ ಗಾಳಿ ಪೈಪ್ ತಿಂತೈತಿ. ರಬಾಳೆ ಫ್ಯಾಕ್ಟರಿ ಕಡಿನೂ ಹಿಂಗಽ."

ಗಾಳಿ ತಾಮ್ರ ತಿನ್ನುತ್ತದಂತೆ! ನಾನು ನಕ್ಕುಬಿಟ್ಟೆ. ಸುಳ್ಳು ಹೇಳುವುದಾದರೂ ನಂಬುವ ಹಾಗೆ ಹೇಳಬಾರದೇ ಎಂದು ರಾತ್ರಿ ಊಟದ ಹೊತ್ತಿಗೆ ಗಂಡನ ಮುಂದೆ ಅವನ ದನಿ ಅನುಕರಿಸಿ ತೋರಿಸಿದೆ. ಕೆಂಪು ಗೆರೆ ಎಳೆದದ್ದು ಅದೇ ದಿನ.

ಆ ಮಳೆಗಾಲದಲ್ಲಿ ಮಗಳಿಗೆ ಕೆಮ್ಮು ಶುರುವಾಯಿತು. ಅವಳಿಗೆ ಆಗ ಒಂಬತ್ತು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಒಣ ಕೆಮ್ಮು, ಶಾಲೆಯ ರಿಕ್ಷಾ ಬರುವವರೆಗೂ ನಿಲ್ಲುತ್ತಿರಲಿಲ್ಲ. ಡಾಕ್ಟರ್ ಅಲರ್ಜಿ ಎಂದು ಸಿರಪ್ ಬರೆದರು, ಆಮೇಲೆ ಬಾಯಿಗಿಟ್ಟು ಎಳೆಯುವ ಪಂಪು ಬರೆದರು. ಅಲರ್ಜಿ ಯಾವುದಕ್ಕೆ ಎಂದರೆ ಹೇಳುವುದು ಕಷ್ಟ ಎಂದರು. ನನಗೇನೂ ಕಷ್ಟವಿರಲಿಲ್ಲ. ಮೆಕ್ಯಾನಿಕ್ಕಿನ ಮೇಲಿದ್ದ ಸಿಟ್ಟು ಅವನ ಯಂತ್ರದ ಮೇಲೂ ಇತ್ತು. ಮುಚ್ಚಿದ ಕೋಣೆಯಲ್ಲಿ ಅದದೇ ಗಾಳಿ ತಿರುಗಿಸುವ ಆ ಪೆಟ್ಟಿಗೆಯೇ ಮಗುವಿನ ಎದೆ ಹಾಳುಮಾಡುತ್ತಿದೆ ಎಂದು ಪ್ಲಗ್ ಕಿತ್ತಿಟ್ಟೆ. ದೀಪಾವಳಿಗೆ ಮುಂಚೆ ತೊಳೆಯಲು ಬರುತ್ತೇನೆಂದು ಅವನು ಫೋನು ಮಾಡಿದಾಗಲೂ ಬೇಡವೆಂದೆ.

ಅದಕ್ಕೆ ಸರಿಯಾಗಿ, ಮಹಾಪೆಯ ನಮ್ಮ ಆಫೀಸಿನಲ್ಲಿ ಪರಿಸರದ ಬಗ್ಗೆ ಒಂದು ಭಾಷಣ ಇಟ್ಟಿದ್ದರು. ಎಸಿ ಒಳಗೆ ತಂಪು ಮಾಡಿ ಹೊರಗೆ ಬಿಸಿ ಉಗುಳುತ್ತದೆ, ಭೂಮಿಗೆ ಭಾರ ಎಂದು ಭಾಷಣಕಾರರು ವಿವರಿಸುತ್ತಿದ್ದರೆ, ಆ ಸಭಾಂಗಣದ ಎಸಿಯ ಚಳಿಗೆ ನಾವೆಲ್ಲ ದುಪಟ್ಟಾ ಹೊದ್ದು ಕುಳಿತಿದ್ದೆವು. ಅವರ ಮೇಲೂ ನನಗೆ ಅನುಮಾನವೇ. ಆದರೂ ಮಾತು ನನ್ನ ಕಡೆಗಿತ್ತು, ಹಿಡಿದುಕೊಂಡೆ. ಊರಿನಿಂದ ಲಾವಂಚದ ಚಾಪೆ ತರಿಸಿ ನೀರು ಚಿಮುಕಿಸಿ ಕಿಟಕಿಗೆ ಕಟ್ಟಿದೆ. ಕಿಟಕಿ ಹಗಲೂ ರಾತ್ರಿ ತೆರೆದೇ ಇಟ್ಟೆ. ಮಗಳ ಮಂಚವನ್ನು ಗೋಡೆ ಪಕ್ಕದಿಂದ ಎಳೆದು ಕಿಟಕಿಯ ಕೆಳಗೇ ಹಾಕಿದೆ. ಒಳ್ಳೆಯ ಗಾಳಿ ಮೊದಲು ಅವಳಿಗೆ ಸಿಗಲಿ ಎಂದು. ನಮ್ಮ ಕಟ್ಟಡದ ಸೊಸೈಟಿಯ ಹೆಂಗಸರಿಗೆಲ್ಲ ಇದನ್ನು ಹೆಮ್ಮೆಯಿಂದ ಹೇಳಿಕೊಂಡೆ.

ಮಗಳು ಮಾತ್ರ ದಿನಾ ತಕರಾರು ತೆಗೆಯುತ್ತಿದ್ದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. "ಆಯೀ, ವಾಸ ಯೇತೋ" ಎನ್ನುತ್ತಿದ್ದಳು, ನಾತ ಬರುತ್ತದೆ ಎಂದು. ನನ್ನ ಮೂಗಿಗೆ ಏನೂ ಹೊಸದು ಬಡಿಯುತ್ತಿರಲಿಲ್ಲ. ಕೆಲವು ಬೆಳಿಗ್ಗೆ ರಸ್ತೆ ಮೂಲೆಯ ಕೊಳಚೆ ನಾಲೆಯದೋ ಏನೋ ಕೊಳೆತ ಮೊಟ್ಟೆಯಂಥ ವಾಸನೆ ಇರುತ್ತಿತ್ತು, ಇಷ್ಟು ವರ್ಷದಲ್ಲಿ ಅದು ನಮಗೆ ಒಗ್ಗಿಹೋಗಿತ್ತು. ಎಸಿ ಮತ್ತೆ ಹಾಕಿಸಿಕೊಳ್ಳಲು ಇವಳು ಹೂಡಿದ ಆಟ ಎಂದುಕೊಂಡೆ. ನನ್ನ ಮಗಳಲ್ಲವೇ, ಉಪಾಯ ಗೊತ್ತಿರುತ್ತದೆ. ಕೆಮ್ಮು ಕಡಿಮೆಯಾಗಲಿಲ್ಲ. ಚಳಿಗಾಲದಲ್ಲಿ ಪಂಪು ದಿನಕ್ಕೆ ಎರಡು ಸಲವಾಯಿತು. ಹಳೆಯ ಎಸಿಯ ಪರಿಣಾಮ ಇನ್ನೂ ಇಳಿದಿಲ್ಲ ಎಂದು ನಾನು ಗಂಡನಿಗೆ ಹೇಳಿದೆ.

ಈ ವರ್ಷ ಮೇ ತಿಂಗಳ ಧಗೆಗೆ ಗಂಡನಿಗೆ ತಡೆಯಲಾಗಲಿಲ್ಲ. ನನ್ನನ್ನು ಕೇಳದೆ ಪ್ಲಗ್ ಹಾಕಿದರು. ಎಸಿಯಿಂದ ಬರೀ ಬಿಸಿಗಾಳಿ. ಅವರೇ ಮೆಕ್ಯಾನಿಕ್ಕಿಗೆ ಫೋನು ಮಾಡಿದರು. ಅವನು ಬಂದು ಗ್ಯಾಸ್ ಅಳೆಯುವ ಸೂಜಿಯ ಮೀಟರು ಇಟ್ಟು ನೋಡುವ ಮೊದಲೇ ನಾನು ಬಾಲ್ಕನಿಗೆ ಹೋಗಿ ಮುಚ್ಚಳ ನೋಡಿದೆ. ಕೆಂಪು ಗೆರೆಗಳು ಎಳೆದ ಹಾಗೆಯೇ ಇದ್ದವು. ಒಂದು ಬಿರುಕೂ ಇಲ್ಲ. ಅವನು ಮೀಟರು ಇಟ್ಟ. ಗ್ಯಾಸ್ ಪೂರ್ತಿ ಖಾಲಿ.

ಒಂದು ವರ್ಷದಿಂದ ಯಾರೂ ಮುಟ್ಟದ ಯಂತ್ರ.

ಅವನು ಒಳಗೆ ಬಂದು ಮಗಳ ಮಂಚದ ಮೇಲೆ ಹಳೆಯ ಪೇಪರು ಹಾಸಿ, ನಿಂತು, ಎಸಿಯ ಮುಂಭಾಗ ಬಿಚ್ಚಿದ. ಒಳಗಿನ ತಾಮ್ರದ ಸುರುಳಿಗೆ ಸೋಪಿನ ನೀರು ಹಚ್ಚಿ, ಹೊರಗಿನಿಂದ ಗಾಳಿಯೊತ್ತಡ ಕೊಟ್ಟ. ಕಣ್ಣಿಗೆ ಕಾಣದ ತೂತುಗಳಿಂದ ಅಲ್ಲಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಏಳತೊಡಗಿದವು. ನಾನೂ ಮಂಚ ಹತ್ತಿ ನೋಡಿದೆ. ತಾಮ್ರ ತಾಮ್ರದ ಬಣ್ಣದಲ್ಲಿರಲಿಲ್ಲ. ಒಲೆಯ ಮೇಲಿಟ್ಟ ಪಾತ್ರೆಯ ತಳದ ಹಾಗೆ ಕಪ್ಪಾಗಿತ್ತು. ಬೆರಳಿಟ್ಟರೆ ಮಸಿ ಹತ್ತಿತು.

ಆ ಕಪ್ಪು ನನಗೆ ಗೊತ್ತಿದ್ದದ್ದೇ. ಗೃಹಪ್ರವೇಶಕ್ಕೆ ನಾದಿನಿ ಕೊಟ್ಟ ಬೆಳ್ಳಿಯ ದೀಪ, ಎಷ್ಟು ಉಜ್ಜಿದರೂ ಹದಿನೈದು ದಿನದಲ್ಲಿ ಹೀಗೇ ಕಪ್ಪಾಗುತ್ತದೆ. ಕಲಬೆರಕೆ ಬೆಳ್ಳಿ ತಂದು ಕೊಟ್ಟಳು ಎಂದು ಅವಳ ಮೇಲೆ ಐದು ವರ್ಷದಿಂದ ಮನಸ್ಸಿನಲ್ಲಿ ಕಹಿ ಇಟ್ಟುಕೊಂಡಿದ್ದೆ. ಅವಳ ಬೆಳ್ಳಿಯಲ್ಲಿ ತಪ್ಪಿರಲಿಲ್ಲವೋ ಏನೋ, ಕೊಳೆತ ಮೊಟ್ಟೆಯ ವಾಸನೆಯ ಆ ಗಾಳಿಯೇ ಅದನ್ನೂ ತಿಂದಿರಬೇಕು. ತಕ್ಕಡಿ, ಹಾಲು, ನಾದಿನಿ, ಮೆಕ್ಯಾನಿಕ್, ಹೊಟ್ಟೆಯಲ್ಲಿ ಹುಟ್ಟಿದ ಮಗಳು, ಎಲ್ಲರನ್ನೂ ಅನುಮಾನಿಸಿದ ನಾನು ಗಾಳಿಯೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ.

ಅಷ್ಟರಲ್ಲಿ ಅವನ ಕಣ್ಣು ಕಿಟಕಿಯ ಕಟ್ಟೆಯ ಮೇಲಿದ್ದ ಪಂಪಿನ ಮೇಲೆ ಬಿತ್ತು. ಕೆಳಗಿಳಿದು, ದನಿ ತಗ್ಗಿಸಿ ಕೇಳಿದ: "ಇದು ಯಾರದ್ರಿ ಅಕ್ಕಾರ? ಸಣ್ಣಾಕಿದೇನು?"

ಹೌದೆಂದು ತಲೆಯಾಡಿಸಿದೆ. ಅವನು ತೆರೆದ ಕಿಟಕಿ ನೋಡಿದ, ಮಂಚ ನೋಡಿದ. ಹೋದ ವರ್ಷವೇ ಹೇಳಿದ್ದೆನಲ್ಲ ಎಂದು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಮಂಚವನ್ನು ಈ ಕಡೆ ಹಿಡಿಯುತ್ತೀರಾ ಎಂದು ನಾನೇ ಕೇಳಿದೆ. ಇಬ್ಬರೂ ಸೇರಿ ಅದನ್ನು ಮೊದಲಿದ್ದ ಗೋಡೆಯ ಪಕ್ಕಕ್ಕೆ ಸರಿಸಿದೆವು. ಲಾವಂಚದ ಚಾಪೆ ಬಿಚ್ಚಿ ಕಿಟಕಿ ಮುಚ್ಚಿದೆ. ಅವನು ಕೈ ತೊಳೆದುಕೊಂಡು ಚಹಾ ಕುಡಿದ, ಹೊಸ ಸುರುಳಿ ತರಿಸಿ ಭಾನುವಾರ ಹಾಕುತ್ತೇನೆ ಎಂದು ಹೋದ. ಮುಚ್ಚಳಕ್ಕೆ ಆ ಬಣ್ಣ ಯಾಕೆ ಎಂದು ಅವನು ಕೇಳಲೇ ಇಲ್ಲ. ನೋಡಿರಲಿಲ್ಲ ಎಂದು ಹೇಗೆ ಹೇಳಲಿ? ಮೀಟರು ಇಡಲು ಆ ಗೆರೆ ಒಡೆದವನು ಅವನೇ.

ಸುರುಳಿಗೆ ಆದದ್ದೇ ಮಗಳ ಎದೆಗೂ ಆಗಿದೆ ಎಂದು ಡಾಕ್ಟರ್ ಇವತ್ತಿಗೂ ಹೇಳಿಲ್ಲ. ನಾನೂ ಪ್ರಮಾಣ ಮಾಡಿ ಹೇಳಲಾರೆ. ಎಸಿ ಒಳ್ಳೆಯದಾಯಿತೆಂದೂ ಅಲ್ಲ, ಅದು ಉಗುಳುವ ಬಿಸಿ ಪಕ್ಕದವರ ಅಡುಗೆಮನೆಗೇ ಹೋಗುತ್ತದೆಂದು ಗೊತ್ತು.

ಆ ಸಂಜೆ ಮಗಳು ಆಡಿಕೊಂಡು ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಎಸಿಯ ಮುಂಭಾಗ ಬಿಚ್ಚಿ ಕೆಳಗಿತ್ತು, ಕೋಣೆ ಕುದಿಯುತ್ತಿತ್ತು. ಎಸಿ ಯಾವಾಗ ಸರಿಯಾಗುತ್ತದೆ ಎಂದು ಕೇಳುತ್ತಾಳೆಂದು ಕಾದೆ. ಅವಳು ಮುಚ್ಚಿದ ಕಿಟಕಿಯನ್ನು ಒಮ್ಮೆ ಒತ್ತಿ ನೋಡಿದಳು, ಗಟ್ಟಿಯಾಗಿ ಹಾಕಿದೆಯೇ ಎಂದು.

"ಆತಾ ವಾಸ ನಾಹೀ ಯೇಣಾರ" ಎಂದಳು. ಇನ್ನು ನಾತ ಬರುವುದಿಲ್ಲ ಎಂದು. ಆಮೇಲೆ ಬೆವರುತ್ತಲೇ ಮಂಚದ ಮೇಲೆ ಕುಳಿತು ಹೋಮ್‌ವರ್ಕ್ ತೆಗೆದಳು.