ಕಳ್ಳನ ಹೆಜ್ಜೆ, ತಡವಾದ ಪೆಟ್ಟು

ಮದ್ದಲೆಯವರು ಬೇಕೆಂದೇ ತಡ ಮಾಡುತ್ತಿದ್ದಾರೆ ಎಂದು ನನ್ನ ಡೈರಿಯಲ್ಲಿದೆ. ‘ಇರಬಹುದು’ ಎಂದಿಲ್ಲ. ಅಕ್ಷರ ನನ್ನದೇ.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಸಂಘದ ನಾಟಕಗಳ ಉಸ್ತುವಾರಿ ಆಗ ನನ್ನದು. ಆ ವರ್ಷದ ನಾಟಕದಲ್ಲಿ ಒಬ್ಬ ಕಳ್ಳ ಬರಿಗಾಲಿನಲ್ಲಿ, ಗೆಜ್ಜೆಯಿಲ್ಲದೆ, ಯಕ್ಷಗಾನದ ಹೆಜ್ಜೆ ಹಾಕುತ್ತಾ ಒಂದು ಮನೆ ಹೊಗುತ್ತಾನೆ. ಪ್ರತಿ ಹೆಜ್ಜೆಗೂ ಮದ್ದಲೆಯ ಒಂದು ಪೆಟ್ಟು. ಶಾಲೆಯ ಸಭಾಂಗಣದ ರಂಗ ಇಕ್ಕಟ್ಟಾದ್ದರಿಂದ ಹಾಡುವವರೂ ಮದ್ದಲೆಯವರೂ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದರು. ಸಭಾಂಗಣದ ಹಿಂದಿನ ಹಳೆಯ ಕ್ಯಾಮೆರಾ ಕಳಿಸಿದ ರಂಗದ ಚಿತ್ರ ಕೋಣೆಯ ಟೀವಿಯಲ್ಲಿ ಬರುತ್ತಿತ್ತು. ಅದನ್ನು ನೋಡಿಕೊಂಡು ಅವರು ನುಡಿಸಬೇಕು.

ಹಾಡಿಗೆ ಮದ್ದಲೆಯವರ ಪೆಟ್ಟು ಸರಿಯಾಗಿಯೇ ಬೀಳುತ್ತಿತ್ತು. ತಡವಾಗುತ್ತಿದ್ದುದು ಕಳ್ಳನ ಹೆಜ್ಜೆಗೆ ಮಾತ್ರ. ಕಳ್ಳನ ಪಾತ್ರ ಮಾಡುತ್ತಿದ್ದವರು ಕಲ್ಯಾಣದಲ್ಲಿ ಕಟ್ಟಡ ಕೆಲಸದ ಆಳುಗಳನ್ನು ನೋಡಿಕೊಳ್ಳುವ ಮುಕಾದಮರು, ವಿಜಯಪುರದ ಕಡೆಯವರು. ಸಂಘದ ಚುನಾವಣೆಯಲ್ಲಿ ಅವರು ಮದ್ದಲೆಯವರ ಎದುರು ನಿಂತು ಗೆದ್ದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನನ್ನ ಸಂಶಯಕ್ಕೆ ಇಷ್ಟು ಸಾಕಾಗಿತ್ತು.

“ಅಕ್ಕಾರ, ನಾ ಕಾಲ್ ಇಟ್ ಮ್ಯಾಲ ಢಬ್ ಅಂತೈತಿ. ಜನ ನಗ್ತಾರ. ಕಳ್ಳನ ಹಿಂದ ಇನ್ನೊಬ್ಬ ಕಳ್ಳ ಬಂದಂಗ ಆಗೇತಿ,” ಎಂದು ಮುಕಾದಮರು ದೂರಿದರು.

ನಾನು ಮದ್ದಲೆಯವರಿಗೆ ಏನನ್ನೂ ಹೇಳದೆ, ಠಾಣೆ ನಗರದ ಇನ್ನೊಬ್ಬ ಮದ್ದಲೆಗಾರರಿಗೆ ಫೋನ್ ಮಾಡಿ, ವಾಶಿಯಲ್ಲಿ ನಡೆಯಬೇಕಿದ್ದ ನಮ್ಮ ಮುಂದಿನ ಪ್ರದರ್ಶನಕ್ಕೆ ಬರಲಾಗುತ್ತದೆಯೇ ಎಂದು ವಿಚಾರಿಸಿದೆ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದ ನಮ್ಮ ಮದ್ದಲೆಯವರಿಗೆ ವಾರಕ್ಕೊಮ್ಮೆ ಮನೆಯಿಂದ ಹೊರಬೀಳಲು ಈ ಮದ್ದಲೆಯೊಂದೇ ನೆಪವೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಫೋನ್ ಮಾಡಿದೆ.

ಮರುದಿನ ಮಧ್ಯಾಹ್ನದ ತಾಲೀಮಿನಲ್ಲಿ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ, ಸೆಖೆ ಎಂದು ರಂಗದ ಕಡೆಯ ಬಾಗಿಲನ್ನೂ ಅರ್ಧ ತೆರೆಸಿದೆ. ಬೇಕೆಂದೇ ತಡ ಮಾಡುವುದನ್ನು ಕಣ್ಣಾರೆ ನೋಡಿ ಹಿಡಿಯುವುದೇ ನನ್ನ ಉದ್ದೇಶ.

“ಎಂತ ಟೀಚರೇ, ಪರೀಕ್ಷೆಗೆ ಕೂತ ಹಾಗೆ ಕೂತಿದ್ದೀರಿ?” ಎಂದರು ಅವರು. “ಕಾಪಿ ಹೊಡಿಲಿಕ್ಕೆ ನನ್ನ ಹತ್ರ ಎಂತ ಉಂಟು?”

ಕಳ್ಳ ಬಂದ. ಬಾಗಿಲ ಸಂದಿಯಲ್ಲಿ ಅವನ ಪಾದ ನೆಲಕ್ಕೆ ತಾಗಿತು. ಟೀವಿಯಲ್ಲಿ ಅದೇ ಪಾದ ಇನ್ನೂ ಗಾಳಿಯಲ್ಲಿತ್ತು. ಅದು ಕೆಳಗಿಳಿದ ಕ್ಷಣವೇ ಅವರ ಬೆರಳು ಮದ್ದಲೆಗೆ ಬಿತ್ತು. ಎರಡನೆಯ ಹೆಜ್ಜೆ, ಮೂರನೆಯದು: ಪರದೆಯ ಪಾದಕ್ಕೂ ಅವರ ಪೆಟ್ಟಿಗೂ ಕೂದಲೆಳೆಯ ಅಂತರವಿರಲಿಲ್ಲ. ಹಾಡು ಕಿವಿಗೆ ನೇರವಾಗಿ ಬೀಳುತ್ತಿತ್ತು. ಸದ್ದಿಲ್ಲದ ಹೆಜ್ಜೆಗೆ ಅವರು ಪರದೆಯನ್ನೇ ನಂಬಬೇಕಿತ್ತು.

ನಾನು ತಾಲೀಮು ನಿಲ್ಲಿಸಿ, ಮುಕಾದಮರಿಗೆ ಚಪ್ಪಾಳೆ ತಟ್ಟಲು ಹೇಳಿದೆ. ಸದ್ದು ಮೊದಲು ಬಂತು. ಟೀವಿಯಲ್ಲಿ ಕೈಗಳು ಆಮೇಲೆ ಕೂಡಿದವು.

ಧ್ವನಿವರ್ಧಕದ ವ್ಯವಸ್ಥೆಗೆ ಕೋಪರಖೈರಣೆಯಿಂದ ಬರುತ್ತಿದ್ದವರನ್ನು ಕರೆದೆ. ರಾಯಚೂರಿನಿಂದ ಬಂದ ಮನೆತನ. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಹಳೆಯ ಕ್ಯಾಮೆರಾದ ಹಳದಿ ಪಿನ್ನಿನ ಚಿತ್ರವನ್ನು ಹೊಸ ಚಪ್ಪಟೆ ಟೀವಿಗೆ ಒಗ್ಗಿಸಲು ನಡುವೆ ಕೂರಿಸಿದ್ದ ಪುಟ್ಟ ಕನ್ವರ್ಟರ್ ಡಬ್ಬಿಯನ್ನು ಅವರು ಮುಟ್ಟಿ ನೋಡಿದರು. ಆಮೇಲೆ ರಿಮೋಟು ಹಿಡಿದು ಟೀವಿಯ ಸೆಟಿಂಗಿಗೆ ಹೋಗಿ ನಕ್ಕರು.

“ಡಬ್ಬಿ ಥೋಡಾ ಟೈಮ್ ಲೇತಾ ಹೈ, ಟೀವಿ ಬಹುತ್. ಮೇಡಂ, ಥಿಯೇಟರ್ ಮೋಡ್ ಕಿಸ್ನೆ ಡಾಲಾ?”

ಚಿತ್ರವನ್ನು ನಯಗೊಳಿಸಿ ಚಂದಗಾಣಿಸಲು ಆ ಮೋಡಿನಲ್ಲಿ ಟೀವಿ ಡಬ್ಬಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದಂತೆ. ಹಿಂದಿನ ವರ್ಷ ನಮ್ಮ ಹಳೆಯ ಡಬ್ಬಾ ಟೀವಿಯನ್ನು ಗುಜರಿಯ ಭಂಗಾರಿನವನಿಗೆ ಹಾಕಿ ಇದನ್ನು ತಂದವಳು ನಾನು. ನಮ್ಮದು ರಂಗಭೂಮಿ, ಹಾಗಾಗಿ ಥಿಯೇಟರ್ ಮೋಡೇ ಸರಿ ಎಂದು ಒತ್ತಿದವಳೂ ನಾನೇ.

ಅವರು ಬೇರೊಂದನ್ನು ಒತ್ತಿದರು. ಪರದೆಯ ಮೂಲೆಯಲ್ಲಿ ‘ಗೇಮ್’ ಎಂದು ಬಂತು.

ಮದ್ದಲೆಯವರು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. “ಗೇಮ್ ಅಂದ್ರೆ ಆಟ ಅಲ್ವಾ? ಮತ್ತೆ? ಆಟಕ್ಕೆ ಆಟವೇ ಹಾಕ್ಬೇಕಿತ್ತು.” ಕರಾವಳಿಯವರಿಗೆ ಯಕ್ಷಗಾನವೆಂದರೆ ಆಟ. ಬಾಗಿಲಲ್ಲಿ ನಿಂತಿದ್ದ ಮುಕಾದಮರು ನಕ್ಕರು. ಚುನಾವಣೆಯಾದ ಮೇಲೆ ಮದ್ದಲೆಯವರ ಮಾತಿಗೆ ಅವರು ನಕ್ಕದ್ದು ಅದೇ ಮೊದಲು ಎಂದು ನನ್ನ ನೆನಪು. ಡೈರಿಯಲ್ಲಿ ಆ ನಗುವಿಲ್ಲ.

ಮತ್ತೆ ಕಳ್ಳ ನಡೆದ. ಅಂತರ ಬಹುಪಾಲು ಹೋಗಿತ್ತು, ಎಳೆಯಷ್ಟು ಉಳಿದಿತ್ತು. “ಅಷ್ಟು ಡಬ್ಬಿದು,” ಎಂದೆ.

“ಇರ್ಲಿ ಬಿಡಿ, ಅಷ್ಟು ನನ್ನದೇ ಆಗಿರ್ಬಹುದು,” ಎಂದರು ಅವರು.

ಥಿಯೇಟರ್ ಮೋಡ್ ಹಾಕಿದ್ದು ಯಾರೆಂಬ ಪ್ರಶ್ನೆಗೆ “ನಾನೇ” ಎಂದು ಅಲ್ಲೇ ಒಪ್ಪಿಕೊಂಡೆನೆಂದು ಡೈರಿ ಹೇಳುತ್ತದೆ. ನನಗೆ ನೆನಪಿರುವುದು ರಿಮೋಟನ್ನು ಧ್ವನಿವರ್ಧಕದವರ ಕೈಯಿಂದ ತೆಗೆದುಕೊಂಡು ಸುಮ್ಮನೆ ನಿಂತದ್ದು. ಎರಡರಲ್ಲಿ ಒಂದು ಸುಳ್ಳು. ಡೈರಿಯನ್ನೇ ನಾನು ಹೆಚ್ಚು ಶಂಕಿಸುತ್ತೇನೆ, ಅದನ್ನು ಬರೆಯುವಾಗ ನಯಗೊಳಿಸಲು ನನಗೆ ಹೊತ್ತಿತ್ತು.

ಸ್ಟೇಷನ್ನಿಗೆ ಹೋಗುವ ರಿಕ್ಷಾ ಕಾಯುತ್ತಾ, ಠಾಣೆಯವರಿಗೆ ಬೇಡವೆಂದು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಮದ್ದಲೆಯ ಚೀಲ ಹಿಡಿದು ನಿಂತಿದ್ದ ಅವರು ರಸ್ತೆಯನ್ನೇ ನೋಡುತ್ತಾ ಹೇಳಿದರು: “ಠಾಣೆಯವನಿಗೆ ನೀವು ಫೋನ್ ಮಾಡುದು ಬೇಡ. ನನ್ನ ಹತ್ರವೇ ಕಲಿತವ ಅವ. ನಿನ್ನೆಯೇ ಕೇಳಿದ, ನಾನು ಬರ್ಲಾ ಗುರುಗಳೇ ಅಂತ. ಇವತ್ತು ನೋಡಿ ಹೇಳ್ತೇನೆ ಅಂದಿದ್ದೆ.”

ಅಂದರೆ ಆ ಮಧ್ಯಾಹ್ನವಿಡೀ, ನಾನು ಅವರ ಬೆರಳನ್ನು ಕಾಯುತ್ತಿದ್ದಾಗ, ಅವರಿಗೆ ಎಲ್ಲ ಗೊತ್ತಿತ್ತು.

“ಏನು ಹೇಳ್ತೀರಿ?” ಎಂದು ಕೇಳಿದೆ.

“ವಾಶಿಗೆ ನಾನೇ ಹೋಗ್ತೇನೆ ಅಂತ,” ಎಂದು ಅವರು ರಿಕ್ಷಾಕ್ಕೆ ಕೈ ತೋರಿಸಿದರು.