ಸುಣ್ಣ ನಮ್ಮದು, ಜೋಳ ಅವರದು

ಕೊರೊನಾ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂದು ಸರ್ಕಾರ ಕಟ್ಟಿಹಾಕಿದ್ದ ದಿನಗಳವು. ಐರ್ಲೆಂಡಿನ ಆಡಮ್ಸ್‌ಟೌನಿನ ನಮ್ಮ ಪುಟ್ಟ ಮನೆಯಲ್ಲಿ ಎರಡು ಆಫೀಸು, ಒಂದು ಶಾಲೆ, ಜೊತೆಗೆ ನಮ್ಮತ್ತೆ. ಸ್ವಲ್ಪ ದಿನ ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದವರು ವಿಮಾನ ನಿಂತು ಇಲ್ಲೇ ಉಳಿದಿದ್ದರು. ನಾನು ಮೀಟಿಂಗಿನಲ್ಲಿ ಮಾತಾಡಲು ಬಾಯಿ ತೆರೆಯುವುದನ್ನೇ ಕಾಯುತ್ತಿದ್ದವರ ಹಾಗೆ, "ಹುಳಿಗೆ ಬೇಳೆ ಇಟ್ಯೇನೇ?" ಎಂದು ಕೂಗುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. ಹಾಗಾಗಿ ಹಿತ್ತಿಲ ಬೇಲಿಯಾಚೆ ಅವರಿಗೊಬ್ಬ ಗೆಳತಿ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ನಾನೇ.

ಬೇಲಿಯಾಚೆಯವಳು ಮೆಕ್ಸಿಕೋದವಳು. ವೃದ್ಧರನ್ನು ನೋಡಿಕೊಳ್ಳುವ ಕೇಂದ್ರವೊಂದರಲ್ಲಿ ಅವಳ ಕೆಲಸ. ಸಂಜೆ ಬಟ್ಟೆ ಒಣಹಾಕುತ್ತ ತನ್ನೂರಿನ ಕತೆ ಹೇಳುತ್ತಿದ್ದಳು. ಅತ್ತೆಗೆ ಅವಳ ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಬಿಡಿಸಿ ಹೇಳುವುದು ನನ್ನ ಪಾಲಿಗೆ. ಬೆಟ್ಟದ ಮಗ್ಗುಲಿನ ಸಣ್ಣ ಊರು. ಒಂದು ಕಾಲಕ್ಕೆ ಅಲ್ಲಿ ಬೆಳ್ಳಿಯ ಗಣಿ ಇತ್ತಂತೆ. ಆ ದುಡ್ಡಿನಲ್ಲಿ ಊರಿಗೆ ದೊಡ್ಡದೆನಿಸುವಂಥ ಚರ್ಚು ಕಟ್ಟಿದರು, ಆಮೇಲೆ ಗಣಿಗೆ ನೀರು ನುಗ್ಗಿತು, ಗಣಿಯ ದೊರೆಗಳು ಗಂಟುಮೂಟೆ ಕಟ್ಟಿದರು. ಉಳಿದವರು ಬೆಟ್ಟದ ಕಲ್ಲು ಸುಟ್ಟು ಸುಣ್ಣ ಮಾಡಿ ಮಾರಿದರು, ಇಳಿಜಾರಿನಲ್ಲಿ ಮುಸುಕಿನ ಜೋಳ ಬೆಳೆದರು. ಈಗ ಪ್ರತಿ ಮನೆಯಿಂದ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಆದರೂ ಬೆಳಗಿನ ಜಾವ ಹೆಂಗಸರು ಬಕೆಟ್ಟಿನಲ್ಲಿ ನೆನೆದ ಜೋಳ ಹಿಡಿದು ಹಿಟ್ಟಿನ ಗಿರಣಿಯ ಮುಂದೆ ಸಾಲು ನಿಲ್ಲುತ್ತಾರೆ, ಊರಿನ ಸಮಾಚಾರವೆಲ್ಲ ಅಲ್ಲೇ ಹುಟ್ಟುತ್ತದೆ.

"ನಮ್ಮ ಬೀದಿ ನಲ್ಲಿ ಇದ್ದಂಗೆ ಬಿಡು," ಎಂದರು ಅತ್ತೆ. ಅವರಿಗೆ ಆ ಊರು ಅಷ್ಟರಲ್ಲೇ ಪೂರ್ತಿ ಅರ್ಥವಾಗಿತ್ತು.

ಆ ವರ್ಷ ಅವಳ ಅಪ್ಪ ತೀರಿಕೊಂಡಿದ್ದರು. ಹೋಗಲಾಗಲಿಲ್ಲ. ಮಣ್ಣು ಮಾಡಿದ್ದನ್ನು ಫೋನಿನಲ್ಲಿ ನೋಡಿದಳು. ಹಿಂದಿನ ಸಲ ಊರಿಗೆ ಹೋದಾಗ ಅಪ್ಪ ತಮ್ಮ ಹೊಲದ ಜೋಳವನ್ನು ಒಂದು ಬಟ್ಟೆಚೀಲದಲ್ಲಿ ಕಟ್ಟಿಕೊಟ್ಟಿದ್ದರು. ಅವರ ಕೈಯ ಬೆಳೆ ಇನ್ನು ಅಷ್ಟೇ. ಚೀಲದ ಬಾಯಿ ಬಿಚ್ಚಲು ಅವಳಿಗೆ ಮನಸ್ಸೇ ಬಂದಿರಲಿಲ್ಲ. ಊರ ಸಂತನ ಹಬ್ಬ ಈ ಸಲ ನಿಂತುಹೋಗಿತ್ತು, ಯಾರ್ಯಾರು ಎಲ್ಲೆಲ್ಲಿದ್ದೀರೋ ಅಲ್ಲೇ ರೊಟ್ಟಿ ಸುಟ್ಟುಕೊಳ್ಳಿ ಎಂದು ಅವಳಮ್ಮ ಹೇಳಿದ್ದರಂತೆ. ಅರ್ಧ ಜೋಳ ಹಬ್ಬಕ್ಕೆ, ಅರ್ಧ ಹಾಗೇ ಇರಲಿ ಎಂದು ಕೊನೆಗೆ ತೀರ್ಮಾನಿಸಿದಳು.

ಆದರೆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಹಾಕದಿದ್ದರೆ ಆ ರೊಟ್ಟಿ ಆಗುವುದಿಲ್ಲ. ಇಡೀ ಐರ್ಲೆಂಡ್ ಸುಣ್ಣಕಲ್ಲಿನ ಮೇಲೇ ಕೂತಿದೆ, ತಿನ್ನುವ ಸುಣ್ಣ ಮಾತ್ರ ಐದು ಕಿಲೋಮೀಟರಿನೊಳಗೆ ಎಲ್ಲೂ ಇಲ್ಲ. ಅತ್ತೆ ಒಳಗೆ ಹೋಗಿ ಎಲೆಅಡಿಕೆ ತಟ್ಟೆಯಿಂದ ತಮ್ಮ ಸುಣ್ಣದ ಡಬ್ಬಿ ತಂದು ಬೇಲಿಯ ಮೇಲಿಟ್ಟರು. ಆಚೆಯವಳು ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿ ಕಣ್ಣರಳಿಸಿದಳು.

"ರುಬ್ಬೋದಕ್ಕೂ ನಮ್ಮನೇಲಿ ಗ್ರೈಂಡರ್ ಐತೆ," ಎಂದರು ಅತ್ತೆ. ಮೈಸೂರಿನಿಂದ ಆ ಕಲ್ಲನ್ನು ಹೊತ್ತು ತರಬೇಡಿ ಎಂದು ಜಗಳವಾಡಿದ್ದವಳು ನಾನು. ನನ್ನ ಕಡೆ ಒಂದು ನೋಟ ಎಸೆಯುವುದನ್ನೂ ಅತ್ತೆ ಮರೆಯಲಿಲ್ಲ.

ಹಬ್ಬದ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮುಂಚೆ ನೆನೆದ ಜೋಳದ ಪಾತ್ರೆಯನ್ನು ನಮ್ಮ ಬಾಗಿಲಲ್ಲಿಟ್ಟು, "ಒಂಚೂರು ತೊಳೆದು ರುಬ್ಬಿದರೆ ಗ್ರ್ಯಾಂಡ್," ಎಂದು ಇಲ್ಲಿಯವರ ಧಾಟಿಯಲ್ಲೇ ನನಗೆ ಹೇಳಿ ಓಡಿದಳು. ನಾನು ಅದನ್ನೇ ಅತ್ತೆಗೆ ಒಪ್ಪಿಸಿ ಲ್ಯಾಪ್‌ಟಾಪಿನ ಮುಂದೆ ಕೂತೆ. ಒಂಚೂರು ತೊಳೆಯುವುದೆಂದರೆ ನಮ್ಮತ್ತೆಗೆ ಏನೆಂದು ನನಗೆ ಗೊತ್ತಿರಬೇಕಿತ್ತು. ಅಕ್ಕಿಯ ನೀರು ಕನ್ನಡಿಯಾಗುವವರೆಗೆ ಬಿಡದ ಹೆಂಗಸು ಅವರು. ಮಧ್ಯಾಹ್ನ ಅಡುಗೆಮನೆಗೆ ಹೋದರೆ ಸಿಪ್ಪೆಯೆಲ್ಲ ಕಸದ ಬುಟ್ಟಿಯಲ್ಲಿ, ಜೋಳ ಬೆಳ್ಳಗೆ ರುಬ್ಬಿಯಾಗಿದೆ, ಇಡ್ಲಿ ಹಿಟ್ಟಿನಂತೆ.

"ನೋಡು, ಮಲ್ಲಿಗೆ ಹೂವಿನಂಗೆ ಆಗೈತೆ," ಎಂದು ಬೀಗಿದರು.

ಮಧ್ಯಾಹ್ನದ ಮೇಲೆ ಬಂದವಳು ಬೇಲಿಯಾಚೆಯಿಂದ ಪಾತ್ರೆಗೆ ಇಣುಕಿ ನೋಡಿದಳು. ಅವಳ ಮುಖ ಇಳಿದುಹೋಯಿತು. ಆ ಸಿಪ್ಪೆಯ ಅಂಟಿನಿಂದಲೇ ಹಿಟ್ಟು ಹಿಡಿಯುವುದು, ಸುಣ್ಣದ ವಾಸನೆ ಸ್ವಲ್ಪ ಉಳಿಯಲೇಬೇಕು ಎಂದು ಮೆಲ್ಲಗೆ ಹೇಳಿದಳು. ನಾನು ಕನ್ನಡದಲ್ಲಿ ಹೇಳುವ ಮೊದಲೇ ಅತ್ತೆಗೆ ತಿಳಿದಿತ್ತು. "ಅಯ್ಯೋ, ಅವರಪ್ಪನ ಜೋಳ ಕಣೇ ಅದು," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಂಗಡಿಯಿಂದ ತಂದುಕೊಡುವ ವಸ್ತುವಲ್ಲವಲ್ಲ.

ಅತ್ತೆ ಒಳಗೆ ಹೋದರು. ಹಿಟ್ಟನ್ನು ಪಂಚೆಯ ತುಂಡಿನಲ್ಲಿ ಕಟ್ಟಿ ಹಿಂಡಿದರು. ಉಂಡೆ ಮಾಡಿದರೆ ಒಡೆಯುತ್ತಿತ್ತು. ಕೊನೆಗೆ ತಣ್ಣನೆಯ ಹೆಂಚಿನ ಮೇಲೇ ಇಟ್ಟು, ಅಕ್ಕಿರೊಟ್ಟಿ ತಟ್ಟುವ ಹಾಗೆ ಬೆರಳಿನಿಂದ ಒತ್ತಿ ಒತ್ತಿ ತಟ್ಟಿ ಒಲೆಗೇರಿಸಿದರು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು, ಅಂಚೆಲ್ಲ ಬಿರುಕು. ಆದರೂ ರೊಟ್ಟಿ ಎದ್ದು ಬಂತು.

ತಟ್ಟೆ ಬೇಲಿಯ ಹತ್ತಿರ ಹೋಗುವಾಗ ಅವಳ ಫೋನಿನಲ್ಲಿ ಅವಳಮ್ಮ ಕಾಣಿಸಿಕೊಂಡಿದ್ದರು. ಕಪ್ಪು ಶಾಲು, ಬಿಗಿದ ತುಟಿ. ರೊಟ್ಟಿಯನ್ನು ನೋಡಿ ಏನೋ ಕೇಳಿದರು. ನಡೆದದ್ದನ್ನೆಲ್ಲ ಮಗಳು ವಿವರಿಸಿದಳು. ಆಮೇಲೆ ನಮ್ಮ ಕಡೆ ತಿರುಗಿ, "ರುಬ್ಬಿಕೊಟ್ಟವರು ಮೊದಲು ತಿನ್ನಬೇಕು, ಅದು ನಮ್ಮೂರ ಪದ್ಧತಿ ಅಂತಿದ್ದಾರೆ ಅಮ್ಮ," ಎಂದಳು.

"ನಾ ಕೆಡಿಸಿದ್ದನ್ನ ನಾನೇ ಮೊದಲು ತಿನ್ನಲಾ? ಬ್ಯಾಡ ಅನ್ನು," ಎಂದು ಅತ್ತೆ ಹಿಂದೆ ಸರಿದರು. ಫೋನಿನೊಳಗಿನ ಕೈ ಮಾತ್ರ ತಿನ್ನು, ತಿನ್ನು ಎಂದು ಸನ್ನೆ ಮಾಡುತ್ತಲೇ ಇತ್ತು. ಕೊನೆಗೆ ಅತ್ತೆ ಒಂದು ಚೂರು ಮುರಿದು ಬಾಯಿಗಿಟ್ಟರು. ಎಲ್ಲರೂ ಅವರನ್ನೇ ನೋಡುತ್ತಿದ್ದೆವು. ಅವರು ನಿಧಾನವಾಗಿ ಅಗಿದರು, ನುಂಗಿದರು, ನನ್ನ ಕಡೆ ವಾಲಿ ಗುಟ್ಟಿನ ದನಿಯಲ್ಲಿ, "ಉಪ್ಪೇ ಇಲ್ವಲ್ಲೇ ಇದಕ್ಕೆ," ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಮೆಕ್ಸಿಕೋದವರ ರೊಟ್ಟಿಗೆ ಉಪ್ಪು ಹಾಕುವುದೇ ಇಲ್ಲವಂತೆ. ಅತ್ತೆಯ ಮಾತು ಅನುವಾದವಾಗಿ ಬೇಲಿ ದಾಟಿ ಫೋನಿನೊಳಗೆ ಹೋಯಿತು. ಅಲ್ಲಿಂದ ಮೊದಲು ಒಂದು ಕೆಮ್ಮಿನಂಥ ಸದ್ದು ಬಂತು, ಆಮೇಲೆ ನಗು. ಆ ಅಮ್ಮ ಶಾಲಿನಿಂದ ಕಣ್ಣೊರೆಸಿಕೊಳ್ಳುತ್ತ, ನಿಲ್ಲಿಸಲಾರದೆ ನಗುತ್ತಿದ್ದರು. ಅತ್ತೆಯೂ ನಕ್ಕರು, ಏನಕ್ಕೆಂದು ಗೊತ್ತಿಲ್ಲದೆಯೇ.

ಆಚೆಯವಳು ಮಾತ್ರ ನಗಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಅಪ್ಪ ಹೋದ ಮೇಲೆ ಅಮ್ಮ ನಕ್ಕಿದ್ದು ಇವತ್ತೇ," ಎಂದಳು. ಒಂದು ರೊಟ್ಟಿ ಪೂರ್ತಿ ತಿಂದು ಮುಗಿಸಿದಳು. ಆಮೇಲೆ ಮನೆಯೊಳಗೆ ಹೋಗಿ, ಹಾಗೇ ಇರಲಿ ಎಂದು ಎತ್ತಿಟ್ಟಿದ್ದ ಜೋಳವನ್ನು ಚೀಲದ ಸಮೇತ ತಂದು ಅತ್ತೆಯ ಕೈಗೆ ಕೊಟ್ಟಳು.

"ನಾಳೆ ಇದನ್ನೂ ರುಬ್ಬೋಣ ಅಮ್ಮ. ತೊಳೆಯೋದು ಮಾತ್ರ ನಾನು."